ಗಲ್ಫಿನ ಫೋನು, ಕಾಸರಗೋಡಿನ ಸಿಮ್ಮು

ನನ್ನದು ಪಂಪ್‌ಸೆಟ್ ರಿಪೇರಿ ಕೆಲಸ. ಪೆರ್ಲ, ಬದಿಯಡ್ಕ ಆಸುಪಾಸಿನ ತೋಟಗಳಲ್ಲಿ ಮೋಟರು ನಿಂತರೆ ಜನ ನನಗೆ ಫೋನ್ ಮಾಡುತ್ತಾರೆ. ಅಡಿಕೆ ಮರಕ್ಕೆ ನೀರು ಬಿಡುವ ಮಾರ್ಚ್ ತಿಂಗಳಲ್ಲಿ ಒಂದು ಕರೆ ತಪ್ಪಿದರೆ ಆ ಕೆಲಸ ಇನ್ನೊಬ್ಬನ ಪಾಲು. ಹೀಗಿದ್ದೂ 2022ರಲ್ಲಿ ನಾನು 8,000 ರೂಪಾಯಿ ಎಣಿಸಿ ಕೊಟ್ಟು ಮನೆಗೆ ತಂದದ್ದು ಕರೆಯೇ ಹೋಗದ ಫೋನನ್ನು.

ನಮ್ಮ ಗುಡ್ಡೆಯ ಆಚೆ ಈಚೆ ನಾಲ್ಕೈದು ಮನೆಯವರು ಗಲ್ಫಿನಲ್ಲಿದ್ದಾರೆ. ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ಒಂದೆರಡು ಫೋನು ಇರುವುದು ವಾಡಿಕೆ. ಹೊಸದು ಹೆಂಡತಿಗೆ, ಹಳೆಯದು ತಮ್ಮನಿಗೆ, ತಮ್ಮನ ಹಳೆಯದು ಮಾರಾಟಕ್ಕೆ. ನಾನು ಕೊಂಡದ್ದು ಅಂಥದ್ದೊಂದು. ನೋಡಲು ಕನ್ನಡಿಯ ಹಾಗೆ ಫಳಫಳ, 128 ಜಿಬಿ, ಬಾಕ್ಸಿನಲ್ಲಿ ಅರಬಿ ಬರಹ. ಮಾರುವವರ ಜಗಲಿಯಲ್ಲೇ ಕುಳಿತು ಪರೀಕ್ಷೆ ಮಾಡಿದೆ. ಅದರಲ್ಲಿ ಅವರ ಏರ್‌ಟೆಲ್ ಸಿಮ್ ಇತ್ತು. ಕರೆ ಹೋಯಿತು, ವಿಡಿಯೋ ತೆರೆಯಿತು, ಫೋಟೋ ಚೆನ್ನಾಗಿ ಬಂತು. ಇನ್ನೇನು ಬೇಕು?

ಮನೆಗೆ ಬಂದು ನನ್ನ ಜಿಯೋ ಸಿಮ್ ಹಾಕಿದೆ. ವಾಟ್ಸಾಪ್ ಬಂತು, ಯೂಟ್ಯೂಬ್ ಓಡಿತು. ನಂಬರ್ ಒತ್ತಿದರೆ ಮಾತ್ರ ಟುಯ್ ಎಂದು ಕಟ್ಟಾಗುತ್ತದೆ. ಒಂದು ವಾರ ಟವರಿಗೆ ಬೈದೆ. ಆಮೇಲೆ ತಿಳಿದದ್ದು ಇಷ್ಟು: ಜಿಯೋಗೆ 2ಜಿ, 3ಜಿ ಇಲ್ಲ. ಅದರಲ್ಲಿ ಮಾತು ಹೋಗಬೇಕಾದರೆ ಇಂಟರ್‌ನೆಟ್ ದಾರಿಯಲ್ಲೇ, ಅಂದರೆ ವೋಲ್ಟಿಯಲ್ಲೇ ಹೋಗಬೇಕು. ಬೇರೆ ದೇಶಕ್ಕಾಗಿ ತಯಾರಾದ ಆ ಫೋನಿನ ಸಾಫ್ಟ್‌ವೇರ್ ನಮ್ಮ ಸಿಮ್ಮಿಗೆ ವೋಲ್ಟಿ ತೆರೆದು ಕೊಡುತ್ತಿರಲಿಲ್ಲ. ಏರ್‌ಟೆಲ್‌ನಲ್ಲಿ 2ಜಿ ಇನ್ನೂ ಇರುವುದರಿಂದ ಕರೆಯ ಹೊತ್ತಿಗೆ ಫೋನು ಸದ್ದಿಲ್ಲದೆ ಅದಕ್ಕೆ ಇಳಿದು ಕೆಲಸ ಮುಗಿಸಿತ್ತು. ಆಗ ಮೇಲಿನ ಮೂಲೆಯಲ್ಲಿ 4ಜಿ ಹೋಗಿ 'ಇ' ಎಂಬ ಅಕ್ಷರ ಬಂದಿರುತ್ತದೆ. ನೋಡಿದವರು ಯಾರು!

ಆ ಫೋನನ್ನು ಏರ್‌ಟೆಲ್ ಸಿಮ್ ಇರುವ ಒಬ್ಬರಿಗೆ ವಿಷಯ ಹೇಳಿಯೇ 5,500ಕ್ಕೆ ಕೊಟ್ಟೆ. ಗಲ್ಫಿನಿಂದ ಬಂದ ಫೋನೆಲ್ಲ ಹೀಗೆಂದು ಹೇಳಬಾರದು, ಎಷ್ಟೋ ಮಾಡೆಲ್‌ಗಳು ಇಲ್ಲಿ ಚೆನ್ನಾಗಿ ನಡೆಯುತ್ತವೆ. ಆದರೆ ಈಗ ನಾನು ನನ್ನದೇ ಸಿಮ್ ಹಾಕಿ, ಎರಡೂ ಗೂಡಿನಲ್ಲಿ ಹಾಕಿ, ಮಾತಾಡುತ್ತಿರುವಾಗ ಮೇಲೆ ವೋಲ್ಟಿ ಗುರುತು ಇದೆಯೇ ಎಂದು ನೋಡದೆ ದುಡ್ಡು ತೆಗೆಯುವುದಿಲ್ಲ. ಅಮೆರಿಕದಿಂದ ಬಂದ ಐಫೋನ್ 14 ಅಥವಾ ಅದಕ್ಕಿಂತ ಹೊಸದಾದರೆ ಸಿಮ್ ಹಾಕುವ ಗೂಡೇ ಇರುವುದಿಲ್ಲ, ಫೋನಿನೊಳಗೇ ಇರುವ ಇ-ಸಿಮ್ ಮಾತ್ರ. ನನ್ನ ಬಜೆಟ್ಟಿಗೆ ಅದು ಸಂಬಂಧವಿಲ್ಲ, ಕೇಳುವವರು ಇದ್ದಾರೆಂದು ಹೇಳಿದೆ.

ತೋಟದ ನೆಟ್‌ವರ್ಕ್ ಬೇರೆಯೇ ಕಥೆ. ಕಾಸರಗೋಡು ಪೇಟೆಯಲ್ಲಿ ಯಾವ ಫೋನಿಗೂ ಕಡ್ಡಿ ತುಂಬ ಸಿಗ್ನಲ್. ನಮ್ಮಲ್ಲಿ ಎರಡು ಗುಡ್ಡೆ ನಡುವಿನ ತೋಟಕ್ಕೆ ಇಳಿದರೆ ಕೆಳಗಿನ ಫ್ರೀಕ್ವೆನ್ಸಿಯ ತರಂಗ ಮಾತ್ರ ಬರುತ್ತದೆ. ತರಂಗ ಕೆಳಗಿನದಾದಷ್ಟೂ ಮರ, ಗೋಡೆ ದಾಟಿ ದೂರ ಹೋಗುತ್ತದೆ. ಒಂದೊಂದು ತರಂಗದ ಪಟ್ಟಿಗೂ ಬ್ಯಾಂಡ್ ಎಂದು ಒಂದು ನಂಬರ್ ಇದೆ. ನನಗೆ ಬೇಕಾದ ಕೆಳಗಿನ ತರಂಗಗಳು ಇವು: ಜಿಯೋದ 850 ಮೆಗಾಹರ್ಟ್ಸ್ ಅಂದರೆ ಬ್ಯಾಂಡ್ 5, ಬಿಎಸ್ಸೆನ್ನೆಲ್‌ನ 4ಜಿ ಬರುವ 700 ಮೆಗಾಹರ್ಟ್ಸ್ ಅಂದರೆ ಬ್ಯಾಂಡ್ 28. ಮಾಡೆಲ್ ನಂಬರ್ ಹಾಕಿ ಹುಡುಕಿದರೆ ಬ್ಯಾಂಡ್‌ಗಳ ಪಟ್ಟಿ ಸಿಗುತ್ತದೆ. ಈ ಎರಡು ಇಲ್ಲದ ಫೋನು ನನಗೆ ಬೇಡ, ಪುಕ್ಕಟೆ ಕೊಟ್ಟರೂ ಬೇಡ.

ಎರಡನೇ ಸಲ ಫೋನ್ ಹುಡುಕಿದ್ದು 2025ರಲ್ಲಿ. ಕೈಯಲ್ಲಿ 10,000. ಅದರಲ್ಲಿ 1,500 ಬೇರೆ ಕಿಸೆಗೆ ಹಾಕಿದೆ, ಬ್ಯಾಟರಿಗೆ ಮತ್ತು ಕವರಿಗೆಂದು. ಹಳೇ ಫೋನಿನ ಬ್ಯಾಟರಿ ಹಳೇ ಪಂಪಿನ ಬೇರಿಂಗ್ ಇದ್ದ ಹಾಗೆ, ಇಂದಲ್ಲ ನಾಳೆ ಬದಲಿಸಲೇಬೇಕು. ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದರೆ ಆಮೇಲೆ ಹೊಟ್ಟೆ ಉರಿಯುವುದಿಲ್ಲ. ಉಳಿದದ್ದು 8,500. ಆ ದುಡ್ಡಿಗೆ ಹೊಸ ಫೋನೇ ಬರುತ್ತದಲ್ಲ ಎಂದು ಮಗಳು ಕೇಳಿದಳು. ಬರುತ್ತದೆ. ನಾನು ನೋಡಿದವೆಲ್ಲ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಅದೂ ಇಎಂಎಂಸಿ ಎಂಬ ನಿಧಾನ ಓದುವ ಬಗೆಯದ್ದು. ಒಂದು ವರ್ಷ ಕಳೆದರೆ ಗೂಗಲ್ ಪೇ ತೆರೆಯುವಷ್ಟರಲ್ಲಿ ಅಂಗಡಿಯವನು ಇನ್ನೊಬ್ಬ ಗಿರಾಕಿಗೆ ಸಾಮಾನು ಕಟ್ಟಿರುತ್ತಾನೆ. ಮೂರು ವರ್ಷ ಹಿಂದಿನ ನಡುಬೆಲೆಯ ಫೋನೇ ಮೇಲು ಅನಿಸಿತು.

ಹಳೆಯದರಲ್ಲಿ ಯಾವುದು? ಇಲ್ಲಿ ನಾನು ಕ್ಯಾಮೆರಾ, ಬಣ್ಣ ಬಿಟ್ಟು ಒಂದನ್ನೇ ಹಿಡಿದೆ: ಕಂಪನಿ ಇನ್ನೆಷ್ಟು ವರ್ಷ ಅಪ್‌ಡೇಟ್ ಕೊಡುತ್ತದೆ. ಆಂಡ್ರಾಯ್ಡ್ ತೀರಾ ಹಳತಾದರೆ ಬ್ಯಾಂಕಿನ ಆ್ಯಪ್‌ಗಳು ಒಂದೊಂದಾಗಿ ನಿಲ್ಲುತ್ತವೆ. ನನ್ನ ಸಂಪಾದನೆ ಅರ್ಧಕ್ಕರ್ಧ ಫೋನಿಗೇ ಬರುವುದರಿಂದ ಅದು ತಮಾಷೆಯ ಮಾತಲ್ಲ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ33 2022ರ ಮಾರ್ಚ್‌ನಲ್ಲಿ ಆಂಡ್ರಾಯ್ಡ್ 12ರೊಂದಿಗೆ ಬಂದದ್ದು. ನಾಲ್ಕು ಸಲ ಹೊಸ ಆಂಡ್ರಾಯ್ಡ್, ಐದು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿತ್ತು. ಅಂದರೆ 2027ರವರೆಗೆ. 5,000 ಎಂಎಎಚ್ ಬ್ಯಾಟರಿ, ಅಮೊಲೆಡ್ ಪರದೆ. ಇಯರ್‌ಫೋನ್ ಚುಚ್ಚುವ ತೂತು ಇಲ್ಲ, ಮೆಮೊರಿ ಕಾರ್ಡ್ ಹಾಕಿದರೆ ಎರಡನೇ ಸಿಮ್ ಬಿಡಬೇಕು. ಎರಡೂ ನನಗೆ ತೊಂದರೆಯಲ್ಲ.

ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡ್ ಹತ್ತಿರ ಹಳೇ ಫೋನು ಮಾರುವ ಒಂದು ಅಂಗಡಿಗೆ ಬೆಳಿಗ್ಗೆ ಹತ್ತಕ್ಕೇ ಹೋದೆ. ಬೆಳಿಗ್ಗೆ ಏಕೆಂದರೆ ಗಿರಾಕಿ ಕಡಿಮೆ, ಬಿಸಿಲು ಇರುತ್ತದೆ. ಪರದೆಯ ಗೀರು, ಚೌಕಟ್ಟಿನ ಬಾಗು ಟ್ಯೂಬ್‌ಲೈಟಿನಲ್ಲಿ ಕಾಣುವುದಿಲ್ಲ. ಕಿಸೆಯಲ್ಲಿ ನನ್ನ ಸಿಮ್, ಚಾರ್ಜರ್, ಟೈಪ್-ಸಿ ಇಯರ್‌ಫೋನ್, ಸಣ್ಣ ಟಾರ್ಚ್.

"ಇಚ್ಚಾ, ನಾನು ಸ್ವಲ್ಪ ನಿಧಾನ ನೋಡುವ ಜನ" ಎಂದೆ ಅಂಗಡಿಯವರಿಗೆ.

"ನೋಡಿ ನೋಡಿ. ನಿಮ್ಮದು ಮುಗಿಯುವಾಗ ನಾನು ಊಟ ಮಾಡಿ ಬರ್ತೇನೆ" ಎಂದು ನಕ್ಕರು.

ಎ33 ಎರಡು ಇದ್ದವು. ಮೊದಲನೆಯದು ಹೊಸದರ ಹಾಗೆ, 8,800 ಹೇಳಿದರು. ಎರಡನೆಯದರ ಅಂಚಿನಲ್ಲಿ ತರಚು, ಹಿಂಭಾಗ ಮಂಕು, 9,500. ಚಂದದ್ದಕ್ಕೆ ಕಡಿಮೆ, ಸವೆದದ್ದಕ್ಕೆ ಹೆಚ್ಚು! ನನಗೆ ಅಲ್ಲೇ ಸಂಶಯ ಬಂತು. ಈ ಮಾಡೆಲ್‌ನಲ್ಲಿ ಬೆರಳಚ್ಚು ಓದುವುದು ಪರದೆಯ ಒಳಗಿನಿಂದ. ಮೊದಲನೆಯದರಲ್ಲಿ ಬೆರಳು ಸೇರಿಸಲು ನೋಡಿದೆ, ಏನು ಮಾಡಿದರೂ ಹಿಡಿಯಲಿಲ್ಲ. ಪೂರ್ತಿ ಕಪ್ಪಾದ ಒಂದು ಚಿತ್ರ ತೆರೆದು ಫೋನನ್ನು ನನ್ನ ಬ್ಯಾಗಿನೊಳಗೆ ಹಿಡಿದು ಇಣುಕಿದೆ. ಅಮೊಲೆಡ್ ಆದರೆ ಕಪ್ಪು ಅಂದರೆ ದೀಪವೇ ಇಲ್ಲದ ಕಪ್ಪು. ಇದು ಬೂದಿ ಬಣ್ಣಕ್ಕೆ ಹೊಳೆಯುತ್ತಿತ್ತು. ಒಡೆದ ಪರದೆ ತೆಗೆದು ಅಗ್ಗದ ಕಾಪಿ ಡಿಸ್‌ಪ್ಲೇ ಕೂರಿಸಿದ್ದರು. ಇಚ್ಚಾನನ್ನು ಕೇಳಿದೆ. "ಡಿಸ್‌ಪ್ಲೇ ಚೇಂಜ್ ಆಗಿದೆ, ಅದಕ್ಕೇ ರೇಟು ಕಡಿಮೆ" ಎಂದು ಒಪ್ಪಿದರು. ಕೇಳದಿದ್ದರೆ ಹೇಳುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು.

ಸವೆದದ್ದನ್ನು ಕೈಗೆ ತೆಗೆದುಕೊಂಡೆ. ಸ್ಯಾಮ್‌ಸಂಗ್‌ನಲ್ಲಿ ಡಯಲರ್ ತೆರೆದು *#0*# ಒತ್ತಿದರೆ ಪರೀಕ್ಷೆಯ ಪುಟವೇ ಬರುತ್ತದೆ. ಕೆಂಪು, ಹಸಿರು, ನೀಲಿ ಒಂದೊಂದೇ ತುಂಬಿಸಿ ನೋಡಿದೆ, ಗೆರೆ ಇಲ್ಲ, ಕಲೆ ಇಲ್ಲ. ಟಚ್ ಪರೀಕ್ಷೆಯಲ್ಲಿ ಚೌಕಗಳನ್ನು ಬೆರಳಲ್ಲಿ ಬಳಿಯುತ್ತಾ ಹೋಗಬೇಕು. ಒಂದು ಚೌಕ ಉಳಿದರೂ ಅಲ್ಲಿ ಟಚ್ ಸತ್ತಿದೆ ಎಂದರ್ಥ. ಸ್ಪೀಕರ್, ಕಿವಿಗೆ ಹಿಡಿಯುವ ರಿಸೀವರ್ ಎರಡನ್ನೂ ಬೇರೆ ಬೇರೆ ಕೇಳಿದೆ. ಕರೆ ಮಾಡಿ ಕಿವಿಗೆ ಹಿಡಿದಾಗ ಪರದೆ ಆರಬೇಕು, ಇಲ್ಲವಾದರೆ ಕೆನ್ನೆಯೇ ಕರೆ ಕಟ್ ಮಾಡುತ್ತದೆ. ನಮ್ಮ ಊರಿನ ಮಳೆಗೆ ಕ್ಯಾಮೆರಾ ಗಾಜಿನ ಒಳಗೆ ಬೂಷ್ಟು ಹಿಡಿಯುವುದುಂಟು. ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿದರೆ ಜೇಡರ ಬಲೆಯ ಹಾಗೆ ಕಾಣುತ್ತದೆ. ಇದರಲ್ಲಿ ಇರಲಿಲ್ಲ. ಚಾರ್ಜರ್ ಚುಚ್ಚಿ ವಯರನ್ನು ಮೆಲ್ಲ ಅಲುಗಿಸಿದೆ, ಚಾರ್ಜ್ ಬಿಟ್ಟು ಬಿಟ್ಟು ಬರಲಿಲ್ಲ, ಪಿನ್ ಗಟ್ಟಿ ಇದೆ.

ಬ್ಯಾಟರಿ ಮಾತ್ರ ಸೋತಿತ್ತು. ಪರೀಕ್ಷೆ ಶುರು ಮಾಡುವಾಗ 84, ಅರ್ಧ ಗಂಟೆ ಕಳೆದಾಗ 71. ಇದನ್ನೇ ಹಿಡಿದು ಚೌಕಾಸಿಗೆ ಇಳಿದೆ. ಇಚ್ಚಾ 9,000ಕ್ಕೆ ಬಂದರು, ನಾನು 8,000ದಲ್ಲಿ ನಿಂತೆ. ಪೆರ್ಲದ ಬಸ್ಸಿಗೆ ಹೊತ್ತಾಯಿತೆಂದು ಎದ್ದು ನಿಂತ ಮೇಲೆ 8,300ಕ್ಕೆ ಇತ್ಯರ್ಥ.

ದುಡ್ಡು ಕೊಡುವ ಮೊದಲು ಇನ್ನೆರಡು ಕೆಲಸ. *#06# ಒತ್ತಿದರೆ 15 ಅಂಕೆಗಳ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬರುತ್ತದೆ. ಇಂಗ್ಲಿಷಿನ ಕೆ, ವೈ, ಎಂ ಎಂಬ ಮೂರಕ್ಷರ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಮಾಡಿದರೆ ಫೋನಿನ ಜಾತಕ ಬರುತ್ತದೆ. ಸರಕಾರದ ಸಂಚಾರ್ ಸಾಥಿ ಜಾಲತಾಣದಲ್ಲೂ ಇದನ್ನೇ ನೋಡಬಹುದು, ಅದು ಇಡೀ ದೇಶಕ್ಕೆ ಬಂದದ್ದು 2023ರ ಮೇ ತಿಂಗಳಲ್ಲಿ. ಕದ್ದ ಫೋನೆಂದು ಯಾರಾದರೂ ಅಲ್ಲಿ ತಡೆ ಹಾಕಿಸಿದರೆ ಅದರಲ್ಲಿ ಭಾರತದ ಯಾವ ಕಂಪನಿಯ ಸಿಮ್ಮೂ ನಡೆಯುವುದಿಲ್ಲ. ಉತ್ತರದಲ್ಲಿ ಬ್ಲ್ಯಾಕ್‌ಲಿಸ್ಟ್, ಡೂಪ್ಲಿಕೇಟ್, ಈಗಾಗಲೇ ಬಳಕೆಯಲ್ಲಿದೆ ಎಂದು ಬಂದರೆ ಅಂಗಡಿಯಿಂದ ಇಳಿದು ನಡೆಯುವುದೇ. ಬಂದ ಉತ್ತರದಲ್ಲಿ ಮಾಡೆಲ್ ಹೆಸರು ಕೈಯಲ್ಲಿರುವ ಫೋನಿನದ್ದೇ ಆಗಿರಬೇಕು ಎಂಬುದನ್ನೂ ನೋಡಿ.

ಎರಡನೆಯದು ಗೂಗಲ್ ಖಾತೆ. ಹಳಬರ ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಫೋನು ಹಳೆಯ ಖಾತೆಯ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ. ಆದ್ದರಿಂದ ನನ್ನ ಕಣ್ಣೆದುರೇ ರೀಸೆಟ್ ಮಾಡಿಸಿ, ನನ್ನ ಖಾತೆ ಹಾಕಿ, ಹೋಮ್ ಸ್ಕ್ರೀನ್ ಬರುವವರೆಗೆ ಕುಳಿತೆ. ಕಂತಿನಲ್ಲಿ ತೆಗೆದ ಫೋನಿನ ಭಯವೂ ಇದರಲ್ಲೇ ಅರ್ಧ ಹೋಗುತ್ತದೆ. ನನ್ನ ಅತ್ತಿಗೆಯ ಮಗ ಯಾರಿಂದಲೋ ಅಗ್ಗಕ್ಕೆ ತಂದ ಫೋನು ಒಂದು ತಿಂಗಳು ಚೆನ್ನಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಕಂತು ಬಾಕಿ ಇದೆ ಎಂದು ಪರದೆ ತುಂಬ ಬಂದು ಬೀಗ ಬಿತ್ತು. ಅಂಥ ಬೀಗ ರೀಸೆಟ್ ಮಾಡಿದರೂ ಇಂಟರ್‌ನೆಟ್ ಸಿಕ್ಕಿದೊಡನೆ ಮರಳಿ ಬರುತ್ತದೆ. ಹಾಗಾಗಿ ರೀಸೆಟ್ ಆದ ಮೇಲೆ ನೆಟ್ ಹಾಕಿ ಹತ್ತು ನಿಮಿಷ ಸುಮ್ಮನೆ ಇಟ್ಟು ನೋಡುತ್ತೇನೆ. ಸೆಟ್ಟಿಂಗ್‌ನಲ್ಲಿ ಡಿವೈಸ್ ಅಡ್ಮಿನ್, ಅಂದರೆ ಫೋನನ್ನು ಹತೋಟಿಯಲ್ಲಿಡಬಲ್ಲ ಆ್ಯಪ್‌ಗಳ ಪಟ್ಟಿಯಲ್ಲಿ ಗುರುತಿಲ್ಲದ ಹೆಸರೇನಾದರೂ ಇದೆಯೇ ಎಂದೂ ನೋಡುತ್ತೇನೆ.

ದುಡ್ಡು ಯುಪಿಐನಲ್ಲೇ ಹಾಕಿದೆ, ದಾಖಲೆ ಇರಲೆಂದು. ಬಿಲ್ಲಿನಲ್ಲಿ ಐಎಂಇಐ ಮತ್ತು ಏಳು ದಿನದ ಚೆಕಿಂಗ್ ವಾರಂಟಿ ಬರೆಸಿದೆ. ಇಚ್ಚಾ ಬಾಯಲ್ಲಿ ಹದಿನೈದು ದಿನ ಹೇಳಿದ್ದರು, ಪೆನ್ನು ಹಿಡಿದಾಗ ಏಳಾಯಿತು.

ಆ ಏಳು ದಿನ ಫೋನನ್ನು ಒಂದು ಗಳಿಗೆ ಬಿಡಲಿಲ್ಲ. ತೋಟಕ್ಕೆ ಇಳಿದು ಕರೆ ಮಾಡಿದೆ, ಅಡ್ಕಸ್ಥಳದ ಗಡಿ ದಾಟಿ ಕರ್ನಾಟಕದ ಟವರಿನಲ್ಲಿ ಮಾಡಿದೆ, ಬಿಸಿಲಲ್ಲಿ ಮ್ಯಾಪ್ ಹಾಕಿಕೊಂಡು ಬೈಕಿನಲ್ಲಿ ಹೋದೆ. ಎಂಟನೇ ದಿನ 1,400 ಕೊಟ್ಟು ಬ್ಯಾಟರಿ ಬದಲಿಸಿದೆ. ಅದರೊಂದಿಗೆ ಒಂದು ನಷ್ಟವೂ ಆಯಿತು. ಈ ಫೋನು ಹೊಸದಿರುವಾಗ ಐಪಿ67, ನೀರಿಗೆ ಬಿದ್ದರೂ ತಡೆಯುವಂಥದ್ದು. ಒಮ್ಮೆ ಹಿಂಭಾಗ ಬಿಚ್ಚಿದರೆ ಆ ಅಂಟು ಮೊದಲಿನಂತೆ ಕೂರುತ್ತದೆಂದು ನಂಬುವ ಹಾಗಿಲ್ಲ. ಜೂನಿನಿಂದ ಅದು ನನ್ನ ಕಿಸೆಯಲ್ಲಿ ಹಾಲಿನ ಪ್ಲಾಸ್ಟಿಕ್ ತೊಟ್ಟೆಯೊಳಗೆ ಇರುತ್ತದೆ. ಹೆಂಡತಿ ನಗುತ್ತಾಳೆ.

ಮೊನ್ನೆ ಶಾರ್ಜಾದಿಂದ ಭಾವ ಫೋನ್ ಮಾಡಿದ್ದರು. ಮುಂದಿನ ತಿಂಗಳು ಊರಿಗೆ ಬರುವಾಗ ಒಂದು ಹಳೇ ಸೆಟ್ ಇದೆ, ನಿನಗೇ ಕೊಡ್ತೇನೆ ಮಾರಾಯ, ಆರು ಸಾವಿರ ಕೊಟ್ಟರೆ ಸಾಕು ಎಂದರು. ಭಾವನೆಂದ ಮೇಲೆ ಬೇಡ ಅನ್ನಲಿಕ್ಕೆ ಆಗುವುದಿಲ್ಲ.

"ಆಗಲಿ ಭಾವ, ತನ್ನಿ. ಬಂದ ದಿನ ನನ್ನ ಜಿಯೋ ಸಿಮ್ ಹಾಕಿ ಕೆಳಗಿನ ತೋಟದಿಂದ ನಿಮಗೇ ಒಂದು ಕರೆ ಮಾಡ್ತೇನೆ. ಫೋನ್ ರಿಂಗ್ ಆದರೆ ಅಲ್ಲಿಂದಲೇ ದುಡ್ಡು ಹಾಕ್ತೇನೆ" ಎಂದೆ.