ಕಡಲೆ ಬಿತ್ತುವ ಹೊತ್ತಿಗೆ ಬಟಾಣಿ

ಚಿತ್ರದುರ್ಗದಲ್ಲಿ ಜೋಗಿಮಟ್ಟಿ ರಸ್ತೆ ಕಡೆ ನಮ್ಮ ಮನೆ. ಹಿತ್ತಲಲ್ಲಿ 10 ಅಡಿ ಉದ್ದ, 4 ಅಡಿ ಅಗಲದ ಒಂದು ಮಡಿ ಇದೆ. ಅದರಲ್ಲಿ ಮೂರು ವರ್ಷದಿಂದ ಬಟಾಣಿ ಬೆಳೆಯುತ್ತಿದ್ದೇನೆ.

ಮೊದಲ ವರ್ಷ ಬಿತ್ತಿದ್ದು ಜನವರಿಯಲ್ಲಿ. ಮಾರ್ಕೆಟ್‌ನಲ್ಲಿ ಹಸಿ ಬಟಾಣಿ ರಾಶಿ ನೋಡಿ ಆಸೆಯಾಗಿತ್ತು. ಕಿರಾಣಿ ಅಂಗಡಿಯ ಒಣ ಬಟಾಣಿಯನ್ನೇ ತಂದು ಊರಿದೆ. ಚೆನ್ನಾಗಿ ಹುಟ್ಟಿತು. ಫೆಬ್ರವರಿ ಕೊನೆಗೆ ಹೂವೂ ಬಂತು. ಅಷ್ಟರಲ್ಲಿ ನಮ್ಮೂರ ಬಿಸಿಲು ಶುರುವಾಗಿತ್ತು. ಹಗಲು 30 ಡಿಗ್ರಿ ದಾಟಿದ ಮೇಲೆ ಹೂ ನಿಲ್ಲಲೇ ಇಲ್ಲ, ದಿನಾ ಉದುರಿತು. ಸಿಕ್ಕಿದ್ದು ಒಂದು ಹಿಡಿ ಕಾಯಿ. ತುಂಬಾ ಬೇಜಾರಾಯಿತು.

ಅವ್ವ ಬಂದು ನೋಡಿ ಒಂದೇ ಮಾತು ಹೇಳಿದರು. ‘ಕಡ್ಲೆ ಬಿತ್ತೋ ಹೊತ್ತಿಗೆ ಹಾಕಪ್ಪ. ಇದೂ ಚಳಿಗೆ ಬರೋ ಬೆಳೆನೇ ಅಲ್ವಾ?’ ಅವ್ವನ ತವರು ಎರೆಹೊಲದ ಊರು. ಹಿಂಗಾರಿ ಕಡಲೆ ನೋಡುತ್ತಲೇ ಬೆಳೆದವರು. ಆಮೇಲಿಂದ ನಾನು ಅಕ್ಟೋಬರ್ ಕೊನೆ ವಾರ ತಪ್ಪಿಸಿಲ್ಲ. ಗಿಡ ಹೂ ಬಿಡುವಾಗ ಡಿಸೆಂಬರ್ ಚಳಿ ಇರುತ್ತದೆ. ನನ್ನ ಬಟಾಣಿ ಕೈ ಹಿಡಿದದ್ದು ಈ ಒಂದು ಬದಲಾವಣೆಯಿಂದಲೇ.

ಬೀಜವನ್ನೂ ಬದಲಾಯಿಸಿದೆ. ಈಗ ಹಾಕುವುದು ಅರ್ಕಾ ಅಜಿತ್. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ಇದು. ಬೂದಿ ರೋಗವನ್ನೂ ತುಕ್ಕು ರೋಗವನ್ನೂ ತಡೆಯುತ್ತದೆ. ಹಗಲು ಒಣ ಹವೆ, ರಾತ್ರಿ ಚಳಿ ಇರುವ ನಮ್ಮ ಕಡೆ ಬೂದಿ ರೋಗ ಜಾಸ್ತಿ. ಬೇರೆ ತಳಿ ಹಾಕಿದರೆ ಎಲೆ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ.

ನಮ್ಮದು ಕೆಂಪು ಮಣ್ಣು. ಎರಡು ಬುಟ್ಟಿ ಹಳೆಯ ತಿಪ್ಪೆಗೊಬ್ಬರ ಬೆರೆಸಿದರೆ ಸಾಕು. ಯೂರಿಯಾ ಹಾಕಬೇಡಿ, ಸುಮ್ನೆ ಸೊಪ್ಪು ಬೆಳೆಯುತ್ತದೆ. ಬದಲಿಗೆ ಬೀಜಕ್ಕೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ, ಅಂದರೆ ಬೇರಲ್ಲಿ ಗಂಟು ಕಟ್ಟುವ ಸೂಕ್ಷ್ಮಜೀವಿಯ ಪುಡಿ ಸವರಿ ನೆರಳಲ್ಲಿ ಆರಿಸುತ್ತೇನೆ. ಪ್ಯಾಕೆಟ್ ಮೇಲೆ ಬಟಾಣಿಗೆ ಅಂತಲೇ ಇರಬೇಕು. ಶೇಂಗಾಕ್ಕೆ ಕೊಡುವುದು ಇದಕ್ಕೆ ಆಗುವುದಿಲ್ಲ. ಒಂದು ತಿಂಗಳಾದ ಮೇಲೆ ಒಂದು ಗಿಡ ಕಿತ್ತು ನೋಡಿದೆ. ಬೇರಿನ ಗಂಟನ್ನು ಉಗುರಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ! ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ನಡೆದಿದೆ ಅನ್ನುವುದಕ್ಕೆ ಅದೇ ಗುರುತು. ಅವತ್ತು ಆದ ಖುಷಿ ಇನ್ನೂ ನೆನಪಿದೆ.

ಹಿಂದಿನ ದಿನವೇ ಮಡಿಗೆ ನೀರು ಕೊಟ್ಟು, ಹದ ಬಂದ ಮೇಲೆ ಒಂದು ಇಂಚು ಆಳಕ್ಕೆ ಬೀಜ ಊರುತ್ತೇನೆ. ಮೊಳಕೆ ಕಾಣುವವರೆಗೆ ಮತ್ತೆ ನೀರಿಲ್ಲ. ಎರಡನೇ ವರ್ಷ ದಿನಾ ನೀರು ಹಾಕಿ ಅರ್ಧ ಬೀಜ ಕೊಳೆಸಿದ್ದೆ. ಮೊಳಕೆ ಬಂದ ಮೇಲೆ ಹಕ್ಕಿ, ಅಳಿಲಿನ ಕಾಟ. ಹಳೆಯ ಸೊಳ್ಳೆ ಪರದೆ ಹೊದಿಸಿದರೆ ಆಯಿತು.

ನಮ್ಮಲ್ಲಿ ಗಾಳಿ ಜೋರು. ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಂತಿರುವ ಊರು ಇದು. ಹಾಗಾಗಿ ಗಿಡ ಒಂದು ಗೇಣು ಆಗುತ್ತಲೇ ಆಸರೆ ಬೇಕು. ದಪ್ಪ ಬಿದಿರು ಕೊಟ್ಟು ನೋಡಿದೆ, ಕುಡಿ ಸುತ್ತಲಿಲ್ಲ. ಹೋದ ವರ್ಷದ ಒಣ ತೊಗರಿ ಕಟ್ಟಿಗೆ ನೆಟ್ಟೆ. ಅದರ ಸಣ್ಣ ಸಣ್ಣ ಕವಲನ್ನು ಕುಡಿ ಗಟ್ಟಿಯಾಗಿ ಹಿಡಿಯಿತು.

ಕಾಯಿ ತುಂಬಿ, ಸಿಪ್ಪೆ ಇನ್ನೂ ಹೊಳೆಯುತ್ತಿರುವಾಗಲೇ ಕೀಳಬೇಕು. ಕಿತ್ತ ಗಳಿಗೆಯಿಂದ ಕಾಳಿನ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ. ಅದಕ್ಕೇ ಮಾರ್ಕೆಟ್ ಬಟಾಣಿಗೆ ಆ ಸಿಹಿ ಇರುವುದಿಲ್ಲ. ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟ ಮೇಲೆ ಹಿತ್ತಲಿಗೆ ಹೋಗಿ ಕಿತ್ತು ತರುತ್ತೇವೆ. ಮಕ್ಕಳು ದಾರಿಯಲ್ಲೇ ಅರ್ಧ ಬಿಡಿಸಿ ತಿಂದಿರುತ್ತಾರೆ.

ಈ ಸಲ ಆರು ಗಿಡದ ಕಾಯಿ ಕೀಳದೆ ಬಳ್ಳಿಯಲ್ಲೇ ಒಣಗಲು ಬಿಟ್ಟೆ. ಬಟಾಣಿ ಹೂ ತನ್ನೊಳಗೇ ಪರಾಗ ಸೇರಿಸಿಕೊಳ್ಳುತ್ತದೆ, ತಳಿ ಕೆಡುವುದಿಲ್ಲ. ಅವ್ವ ಆ ಬೀಜವನ್ನು ಒಲೆಯ ಬೂದಿಯಲ್ಲಿ ಕಲಸಿ ಡಬ್ಬಿಗೆ ತುಂಬಿ, ಕಡಲೆ ಬೀಜದ ಪಕ್ಕದಲ್ಲೇ ಇಟ್ಟಿದ್ದಾರೆ.