ಏಣಿಯಿಂದ ಬಿದ್ದವರನ್ನು ಹಲಗೆ ಮೇಲೆ ತಂದ ನನ್ನ ಅನುಭವ

ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರದ ಸುತ್ತಿನ ತೋಟಗಳಲ್ಲಿ ಮೆಣಸು ಕುಯ್ಲು ಶುರುವಾದರೆ ನನ್ನ ಫೋನು ರಾತ್ರಿಯೂ ಆಫ್ ಆಗಲ್ಲ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಹತ್ತುತ್ತಾರೆ, ವರ್ಷಕ್ಕೆ ಒಬ್ಬರಾದರೂ ಬೀಳುತ್ತಾರೆ. 2008ರಲ್ಲಿ 108 ಬಂತು, ಬಹಳ ಜೀವ ಉಳಿಯಿತು. ಆದರೆ ಆ ಗಾಡಿ ಟಾರು ರಸ್ತೆ ಬಿಟ್ಟು ತೋಟಕ್ಕೆ ಇಳಿಯೋಕೆ ಆಗಲ್ಲ. ಬಿದ್ದವರನ್ನು ಟಾರು ರಸ್ತೆವರೆಗೆ ಜೀಪಿನಲ್ಲಿ ತಲುಪಿಸೋದು ನಮ್ಮ ಪಾಲಿನ ಕೆಲಸ.

ಇಪ್ಪತ್ತು ವರ್ಷದ ಹಿಂದೆ ಪಕ್ಕದ ಮನೆ ಹುಡುಗನನ್ನು ಕಂಬಳಿಯಲ್ಲಿ ಹೊತ್ತು ತಂದೆವು. ಮರದ ಬುಡದಲ್ಲಿ ಕಾಲ್ಬೆರಳು ಆಡಿಸುತ್ತಿದ್ದ. ರಸ್ತೆಗೆ ಬರುವಷ್ಟರಲ್ಲಿ ಆಡಿಸಲಿಲ್ಲ. ಅದು ಇವತ್ತಿಗೂ ನನ್ನ ಕಣ್ಣಿಂದ ಹೋಗಿಲ್ಲ. ಬೆನ್ನು ಬಾಗದ ಹಾಗೆ ಹೊರೋಕೆ ಏನಾದರೂ ಬೇಕಿತ್ತು.

ಮೊದಲು ಎರಡು ಬಿದಿರಿಗೆ ಕಾಫಿ ಗೋಣಿಚೀಲ ತೂರಿಸಿ ನೋಡಿದೆ. ಸೊಂಟದ ಹತ್ತಿರ ಜೋತು ಬೀಳುತ್ತೆ, ಕಂಬಳಿಗಿಂತ ಏನೂ ಮೇಲಲ್ಲ. ಆಮೇಲೆ ಸಾದಾ ಪ್ಲೈವುಡ್ ತಂದೆ. ಜೂನ್ ಮಳೆಗೆ ಉಬ್ಬಿ ಪದರ ಪದರ ಬಿಟ್ಟುಕೊಂಡಿತು. ಎರಡನೆಯದು ಮರೀನ್ ಪ್ಲೈ, ಅಂದರೆ ನೀರು ತಡೆಯೋ ಪ್ಲೈವುಡ್. ಅಗಲ ಜಾಸ್ತಿಯಾಗಿ ಜೀಪಿನ ಹಿಂದಿನ ಸೀಟುಗಳ ನಡುವೆ ಕೂರಲಿಲ್ಲ. ಮೂರನೆಯದನ್ನು ಆರಡಿ ಉದ್ದ, ಹದಿನಾರು ಇಂಚು ಅಗಲಕ್ಕೆ ಕೊಯ್ಸಿದೆ. ಅಡಿಯಲ್ಲಿ ಒಂದಿಂಚಿನ ರೀಪು, ಅಂದರೆ ಮರದ ಪಟ್ಟಿ, ಬೇಕೇ ಬೇಕು, ಇಲ್ಲದಿದ್ದರೆ ನೆಲಕ್ಕಿಟ್ಟ ಹಲಗೆ ಕೆಳಗೆ ಬೆರಳು ಹೋಗಲ್ಲ. ಆ ರೀಪಿಗೆ ಸ್ಕ್ರೂ ಹೊಡೆದದ್ದು ದೊಡ್ಡ ತಪ್ಪು. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಪಕ್ಕ ಸಾಲಾಗಿ ಬಿಳಿ ಸ್ಕ್ರೂ! ಡಾಕ್ಟರು ಇನ್ನೊಂದು ಎಕ್ಸ್‌ರೇ ತೆಗೆಸಬೇಕಾಯಿತು. ಈಗ ಬರೀ ಅಂಟು, ಮರದ ಗೂಟ.

ಮೂರೂ ಸೇರಿ ಎಂಟು ಸಾವಿರದ ಹತ್ತಿರ ಹೋಯಿತು. ಐದು ಸಾವಿರ ನೀರಿಗೆ ಹಾಕಿದ ಹಾಗೆ. ಹಲಗೆಗೆ ಬಿಗಿಯೋ ಬೆಲ್ಟು ಮಾತ್ರ ಗುಜರಿ ಕಾರಿನದು, ನಾಲ್ಕಕ್ಕೆ ಆರುನೂರು. ಡೀಸೆಲ್ ನನ್ನದೇ. ಬಿದ್ದವರ ಮನೆಯವರಿಂದ ಒಂದು ರೂಪಾಯಿ ಮುಟ್ಟಿಲ್ಲ.

'ಬಾಗಿಲು ಹೊತ್ಕೊಂಡು ಎಲ್ಲಿಗೆ ಹೊರಟ್ರಿ?' ಅಂತ ಕೇಳಿದವರು ಬಹಳ ಜನ. ಹೋದ ಫೆಬ್ರವರಿಯಲ್ಲಿ ಕೂಲಿಗೆ ಬಂದಿದ್ದ ಹುಡುಗ ಇಪ್ಪತ್ತೈದು ಅಡಿಯಿಂದ ಬಿದ್ದ. ತಲೆ ನಾನು ಹಿಡಿದೆ, ಮಗ್ಗುಲಿಗೆ ಮೂವರು. ನಾನು ಮೂರು ಎಣಿಸಿದ ಮೇಲೆ ಎಲ್ಲರೂ ಒಟ್ಟಿಗೆ ಹೊರಳಿಸಿದರು. ಮೊದಲು ಎದೆಯ ಬೆಲ್ಟು, ಆಮೇಲೆ ಸೊಂಟ, ಕಾಲು. ತಲೆ ಕೊನೆಗೆ, ಎರಡೂ ಕಡೆ ಸುತ್ತಿದ ಟವೆಲ್ ಇಟ್ಟು. ತಿರುವಿನಲ್ಲಿ ಹಲಗೆ ಜಾರದ ಹಾಗೆ ಹಗ್ಗ ಬಿಗಿಯೋದಕ್ಕೆ ನನ್ನದೊಂದು ಗಂಟಿದೆ. ಅದನ್ನು ಬರೆಯಲ್ಲ, ಬಂದವರಿಗೆ ಕೈಯಲ್ಲೇ ತೋರಿಸ್ತೀನಿ.

ಎರಡು ಕಿಲೋಮೀಟರ್‌ಗೆ ನಲವತ್ತು ನಿಮಿಷ, ಪೂರ್ತಿ ಫಸ್ಟ್ ಗೇರ್. 'ಅಣ್ಣಾ, ನನ್ ಕಾಲು ಇದೆಯಾ?' ಅಂತ ಒಂದೇ ಸಮನೆ ಕೇಳ್ತಿದ್ದ. ಪ್ರತಿ ತಿರುವಿಗೂ ಹೆಬ್ಬೆರಳು ಹಿಡಿದು 'ಆಡ್ಸಪ್ಪ' ಅಂದೆ. ಆಡಿಸಿದ. ಟಾರು ರಸ್ತೆಯಲ್ಲಿ 108ಕ್ಕೆ ಹತ್ತಿಸುವಾಗಲೂ ಆಡಿಸಿದ. ಸೊಂಟದ ಮೂಳೆ ಬಿರಿದಿತ್ತು, ನರಕ್ಕೆ ಏನೂ ಆಗಿರಲಿಲ್ಲ.

ಈ ಸಲದ ಕುಯ್ಲಿಗೂ ಬಂದಿದ್ದಾನೆ. ಮೇಲೆ ಹತ್ತಲ್ಲ, ಏಣಿ ಬುಡ ಹಿಡಿಯುತ್ತಾನೆ. ಹಲಗೆ ಬೇಕು ಅಂತ ನಾಲ್ಕು ತೋಟದವರು ಕೇಳಿದ್ದಾರೆ. ಪ್ಲೈ ಅವರೇ ತರಬೇಕು, ಕೊಯ್ದು ಕೊಡೋದು ನನ್ನ ಕೆಲಸ.