ಕಾರ್ಬೊರೇಟರ್ ಹೋಗಿದೆ ಅಂದ ತಕ್ಷಣ ಹೊಸದು ತರಬೇಡಿ

ನಮ್ಮಪ್ಪ 2003ರಲ್ಲಿ ರೇಷ್ಮೆ ಗೂಡು ಮಾರಿದ ದುಡ್ಡಲ್ಲಿ ತಂದ ಹೀರೋ ಹೋಂಡಾ ಸ್ಪ್ಲೆಂಡರ್ ಇನ್ನೂ ನಮ್ಮನೆಯಲ್ಲಿದೆ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತಿದೆ, ಗೂಡಿನ ಚೀಲ ಕಟ್ಟಿಕೊಂಡು ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋಗಿದೆ, ನನಗೆ ಹೆಣ್ಣು ನೋಡೋಕೂ ಅದೇ ಹೋಗಿದೆ. ಹೋದ ವರ್ಷ ಮಳೆಗಾಲದಲ್ಲಿ ಮೂರು ತಿಂಗಳು ಶೆಡ್ಡಲ್ಲಿ ಸುಮ್ನೆ ನಿಂತಿತ್ತು. ತೆಗೆದು ಕಿಕ್ ಹೊಡೆದರೆ ಚೋಕ್ ಹಾಕಿರೋವರೆಗೂ ಓಡುತ್ತದೆ, ಚೋಕ್ ತೆಗೆದರೆ ಆಫ್.

ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದಿದ್ದ ಹೊತ್ತು. ಸೊಪ್ಪು ಎಷ್ಟು ತಂದರೂ ಸಾಲದು. ತಲೆ ಕೆಡಿಸಿಕೊಳ್ಳೋಕೆ ಪುರುಸೊತ್ತಿಲ್ಲದೆ ಒಬ್ಬ ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋದೆ. "ಅಣ್ಣಾ, ಕಾರ್ಬೊರೇಟರ್ ಹೋಗಿದೆ, ಹೊಸದು ಹಾಕ್ಸಿಬಿಡಿ" ಅಂದ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಭಾಗ ಅದು. ಹಾಕಿಸಿದೆ. ಗಾಡಿ ಸ್ಟಾರ್ಟ್ ಆಯಿತು ನಿಜ. ಆದರೆ ಲೀಟರಿಗೆ 60 ಕೊಡ್ತಿದ್ದ ಗಾಡಿ 40ಕ್ಕೆ ಇಳಿಯಿತು. ಹಾಕಿದ್ದು ಡೂಪ್ಲಿಕೇಟ್. ಹಳೆಯದನ್ನು ಕೇಳಿ ಇಸ್ಕೊಂಡು ಬಂದಿದ್ದು ಒಳ್ಳೇದಾಯಿತು. ಬೆಳೆ ಮುಗಿದ ಮೇಲೆ ಅದನ್ನೇ ಬಿಚ್ಚಿ ನೋಡಿದೆ. ಹೋಗಿದ್ದು ಏನೂ ಇಲ್ಲ, ಸ್ಲೋ ಸ್ಪೀಡಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಪೈಲಟ್ ಜೆಟ್ ಒಂದು ಕಟ್ಟಿಕೊಂಡಿತ್ತು ಅಷ್ಟೇ.

ಬಿಚ್ಚುವ ಮೊದಲು ಕಾರ್ಬೊರೇಟರ್ರೇ ಕಾರಣವಾ ಅಂತ ನೋಡಿ. ಟ್ಯಾಂಕಲ್ಲಿ ಪೆಟ್ರೋಲ್ ಇದೆಯಾ, ಪ್ಲಗ್ ಸರಿಯಾಗಿ ಕಿಡಿ ಕೊಡ್ತಿದೆಯಾ, ಏರ್ ಫಿಲ್ಟರ್ ಧೂಳು ತುಂಬಿಕೊಂಡಿದೆಯಾ. ನಮ್ಮ ಕಡೆಯ ಮಣ್ಣು ರಸ್ತೆಗೆ ಫಿಲ್ಟರ್ ಬೇಗ ಕಟ್ಟುತ್ತದೆ. ಪ್ಲಗ್ ಮಸಿಯಂತೆ ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತ ಅರ್ಥ, ಅದಕ್ಕೆ ಕಟ್ಟಿಕೊಂಡ ಫಿಲ್ಟರ್ರೂ ಕಾರಣ ಇರಬಹುದು. ಚೋಕ್ ಹಾಕಿದರೆ ಮಾತ್ರ ಓಡಿದರೆ, ಸ್ಲೋ ಸ್ಪೀಡಲ್ಲಿ ನಿಲ್ಲದಿದ್ದರೆ, ಮೊದಲ ಅನುಮಾನ ಪೈಲಟ್ ಜೆಟ್ ಮೇಲೆ. ಸ್ಲೋ ಸ್ಪೀಡ್ ಚೆನ್ನಾಗಿದ್ದು ಪೂರ್ತಿ ರೇಸ್ ಕೊಟ್ಟಾಗ ಎಳೆಯದಿದ್ದರೆ, ಆಗ ಪೆಟ್ರೋಲ್ ಬಿಡುವ ಮೈನ್ ಜೆಟ್. ಕೆಳಗಿನ ಸಣ್ಣ ಪೈಪಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಫ್ಲೋಟ್ ನೀಡಲ್, ಅಂದರೆ ತೇಲುವ ಫ್ಲೋಟು ಮೇಲೆದ್ದಾಗ ಪೆಟ್ರೋಲ್ ತಡೆಯುವ ಸೂಜಿ. ಈ ಕೊನೆಯದಕ್ಕೆ ಸ್ಕ್ರೂ ಡ್ರೈವರ್ ಹಿಡಿಯಿಂದ ಕಾರ್ಬೊರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲುವ ಕಪ್ಪಿಗೆ ಮೆತ್ತಗೆ ಎರಡು ಸಲ ತಟ್ಟಿ ನೋಡಿ. ಕಸ ಸಿಕ್ಕಿಕೊಂಡಿದ್ದರೆ ಅಷ್ಟಕ್ಕೇ ಸರಿಹೋಗುವುದೂ ಉಂಟು.

2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಗಳಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ಕಾರ್ಬೊರೇಟರ್ ಬದಲು ಇಂಜೆಕ್ಷನ್ ಬಂದಿದೆ. ಅಂಥ ಗಾಡಿ ಇರುವವರಿಗೆ ಇದು ಉಪಯೋಗಕ್ಕೆ ಬರಲ್ಲ.

ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಬಯಲಲ್ಲಿ ಕೂತು ಮಾಡಿ, ಬೀಡಿ ಸೇದುವವರನ್ನು ದೂರ ಕಳಿಸಿ. ನಮ್ಮಂಥವರು ಹುಳು ಮನೆ ಹತ್ತಿರ ಅಂತೂ ಮಾಡಲೇಬಾರದು, ಆ ವಾಸನೆ ಹುಳುವಿಗೆ ಆಗಲ್ಲ. ಹಳೇ ಪೇಪರ್ ಹಾಸಿದ ಒಂದು ತಟ್ಟೆ ಇಟ್ಟುಕೊಳ್ಳಿ. ಒಂದೊಂದು ಹಂತಕ್ಕೂ ಮೊಬೈಲಲ್ಲಿ ಫೋಟೋ ತೆಗೆಯಿರಿ. ನಾನು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. "ಅಪ್ಪಾ, ಈ ಸ್ಪ್ರಿಂಗ್ ಎಲ್ಲಿಂದ ಬಂತು?" ಅಂತ ಅವಳು ಕೇಳಿದಾಗ ಉತ್ತರ ಗೊತ್ತಿರಲಿಲ್ಲ. ಫೋಟೋ ನೋಡಿ ಹೇಳಿದೆ.

ಟ್ಯಾಂಕಿನ ಟ್ಯಾಪ್ ಮುಚ್ಚಿ, ಪೆಟ್ರೋಲ್ ಪೈಪ್ ಎಳೆಯಿರಿ. ಕಪ್ಪಿನ ಕೆಳಗಿರುವ ಡ್ರೈನ್ ಸ್ಕ್ರೂ ಬಿಟ್ಟು ಒಳಗಿನ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ಇದನ್ನು ಚೆಲ್ಲಬೇಡಿ, ಬೆಳಕಿಗೆ ಹಿಡಿದು ನೋಡಿ. ನನ್ನ ಬಾಟಲಿಯ ತಳದಲ್ಲಿ ಬೇಳೆಕಾಳಿನಷ್ಟು ದೊಡ್ಡ ಹನಿಗಳು ಬೇರೆಯಾಗಿ ಹೊರಳಾಡುತ್ತಿದ್ದವು. ಅದು ನೀರು. ಈಗ ಬಂಕಲ್ಲಿ ಸಿಗುವ ಪೆಟ್ರೋಲಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೇ ಗಾಡಿಯ ರಬ್ಬರನ್ನೂ ಹಾಳು ಮಾಡುತ್ತದೆ. ಬಾಟಲಿಯಲ್ಲಿ ನೀರು ಕಂಡರೆ ಟ್ಯಾಂಕನ್ನೂ ಖಾಲಿ ಮಾಡಲೇಬೇಕು. ಇಲ್ಲದಿದ್ದರೆ ಒಂದು ವಾರಕ್ಕೆ ಮತ್ತೆ ಅದೇ ಕಥೆ.

ಆಮೇಲೆ ಏರ್ ಫಿಲ್ಟರ್ ಕಡೆಯ ಕ್ಲಾಂಪ್ ಸಡಿಲಿಸಿ, ಇಂಜಿನ್ ಕಡೆಯ ಎರಡು ಬೋಲ್ಟ್ ಬಿಚ್ಚಿ. ಮೇಲಿನ ಮುಚ್ಚಳ ತಿರುಗಿಸಿದರೆ ಆಕ್ಸಿಲರೇಟರ್ ಕೇಬಲ್ ಜೊತೆಗೇ ಸ್ಲೈಡು (ರೇಸ್ ಕೊಟ್ಟಾಗ ಮೇಲೇಳುವ ಭಾಗ), ಉದ್ದನೆಯ ನೀಡಲ್ ಎಲ್ಲ ಈಚೆ ಬರುತ್ತವೆ. ನೀಡಲ್ಲಿನ ಕ್ಲಿಪ್ ಎಷ್ಟನೇ ಗೀರಲ್ಲಿದೆ ಅಂತ ಬರೆದಿಟ್ಟುಕೊಳ್ಳಿ, ಅದನ್ನು ಮುಟ್ಟಬೇಡಿ.

ಕಪ್ ಬಿಚ್ಚಿದಾಗ ನನಗೆ ಕಂಡಿದ್ದು ಬೆಲ್ಲದ ಪಾಕದ ಬಣ್ಣದ ಅಂಟು. ಪೆಟ್ರೋಲ್ ಆರಿ ಆರಿ ಹಾಗಾಗುತ್ತದೆ. ಫ್ಲೋಟ್ ಹಿಡಿದಿರುವ ಸಣ್ಣ ಪಿನ್ ತಳ್ಳಿ, ಫ್ಲೋಟನ್ನೂ ಅದರ ನೀಡಲ್ಲನ್ನೂ ತೆಗೆಯಿರಿ. ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ಮುಳುಗುವ ಫ್ಲೋಟು, ಬದಲಾಯಿಸಿ. ನೀಡಲ್ ತುದಿಯಲ್ಲಿ ಉಂಗುರದ ಹಾಗೆ ಗೀರು ಬಿದ್ದಿದ್ದರೆ ಅದನ್ನೂ ಬದಲಾಯಿಸಿ.

ಈಗ ಪೈಲಟ್ ಜೆಟ್. ಹಿತ್ತಾಳೆಯದು, ನಡುವಿನ ತೂತು ಅರ್ಧ ಮಿಲಿಮೀಟರೂ ಇರಲ್ಲ. ಸರಿಯಾದ ಅಳತೆಯ ಸ್ಕ್ರೂ ಡ್ರೈವರ್ರಿಂದಲೇ ಬಿಚ್ಚಿ, ಹಿತ್ತಾಳೆ ಮೆತ್ತಗೆ, ತಲೆ ಹಾರಿಹೋಗುತ್ತದೆ. ಬಿಸಿಲಿಗೆ ಹಿಡಿದು ತೂತಲ್ಲಿ ನೋಡಿ. ನನ್ನದರಲ್ಲಿ ಬರೀ ಕತ್ತಲು. ಕಾರ್ಬೊರೇಟರ್ ಕ್ಲೀನರ್ ಹೊಡೆದು ಅರ್ಧ ಗಂಟೆ ನೆನೆಯಲು ಬಿಟ್ಟೆ. ಆಮೇಲೆ ಹಳೇ ಹಲ್ಲುಜ್ಜುವ ಬ್ರಶ್ಶಿಂದ ಒಂದೇ ಒಂದು ಎಳೆ ಕಿತ್ತು ತೂರಿಸಿದೆ. ಗುಂಡುಸೂಜಿ, ಕಬ್ಬಿಣದ ತಂತಿ ಮಾತ್ರ ಬೇಡ. ತೂತು ಒಂದು ಚೂರು ದೊಡ್ಡದಾದರೂ ಮೈಲೇಜ್ ಹೋಯಿತು ಅಂತಲೇ. ಮತ್ತೆ ಬಿಸಿಲಿಗೆ ಹಿಡಿದಾಗ ಸಾಸಿವೆಗಿಂತ ಸಣ್ಣ ಬೆಳಕಿನ ಚುಕ್ಕೆ ಕಂಡಿತು. ಆ ಖುಷಿ ಹೇಳೋಕಾಗಲ್ಲ.

ಸ್ಲೋ ಸ್ಪೀಡಿನ ಗಾಳಿ ಹದ ಮಾಡುವ ಏರ್ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಮೆತ್ತಗೆ ಒಳಗೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಕೂರುತ್ತದೆ ಅಂತ ಎಣಿಸಿ. ವಾಪಸ್ ಹಾಕುವಾಗ ಅಷ್ಟೇ ಸುತ್ತು ಬಿಡಬೇಕು. ರಬ್ಬರ್ ವಾಷರ್, ಓ ರಿಂಗ್ ಎಲ್ಲ ತೆಗೆದ ಮೇಲೆಯೇ ಕ್ಲೀನರ್ ಹೊಡೆಯಿರಿ, ಇಲ್ಲದಿದ್ದರೆ ಉಬ್ಬಿಕೊಳ್ಳುತ್ತವೆ. ಕಣ್ಣಿಗೆ ಕನ್ನಡಕ ಇರಲಿ, ಒಂದು ತೂತಿಗೆ ಹೊಡೆದರೆ ಇನ್ನೊಂದರಿಂದ ಮುಖಕ್ಕೇ ಚಿಮ್ಮುತ್ತದೆ. ಕೊನೆಗೆ ಪಂಚರ್ ಅಂಗಡಿಗೆ ಹೋಗಿ ಎಲ್ಲ ತೂತಿಗೂ ಹವಾ ಹೊಡೆಸಿ.

ಫ್ಲೋಟು, ನೀಡಲ್ ಹಾಕಿ, ಕಾರ್ಬೊರೇಟರನ್ನು ತಲೆಕೆಳಗು ಮಾಡಿ ಪೆಟ್ರೋಲ್ ಬರುವ ಮೂತಿಗೆ ಒಂದು ಶುದ್ಧ ಪೈಪ್ ಸಿಕ್ಕಿಸಿ ಊದಿ. ಗಾಳಿ ಹೋಗಬಾರದು. ಹೋದರೆ ಓವರ್‌ಫ್ಲೋ ಆಗೇ ಆಗುತ್ತದೆ.

ಸ್ಲೈಡ್ ಹಾಕುವಾಗ ನಾನೊಂದು ಎಡವಟ್ಟು ಮಾಡಿದೆ. ಅದರ ಕೆಳಗೆ ಒಂದು ಕಡೆ ಕತ್ತರಿಸಿದ ಹಾಗಿರುತ್ತದೆ, ಆ ಕಡೆ ಏರ್ ಫಿಲ್ಟರ್ ಕಡೆಗೆ ಬರಬೇಕು. ನಾನು ತಿರುಗಿಸಿ ಹಾಕಿದ್ದೆ. ಒಂದೇ ಕಿಕ್ಕಿಗೆ ಗಾಡಿ ಬೊಬ್ಬೆ ಹೊಡೆಯೋಕೆ ಶುರು ಮಾಡಿತು, ಮಗಳು ಕಿವಿ ಮುಚ್ಚಿಕೊಂಡು ಓಡಿದಳು. ಕೀ ಆಫ್ ಮಾಡಿ ಉಸಿರು ಬಿಟ್ಟೆ. ಅದಕ್ಕೇ ಕಿಕ್ ಹೊಡೆಯುವ ಮೊದಲು ಆಕ್ಸಿಲರೇಟರ್ ತಿರುಗಿಸಿ ಬಿಡಿ. ಸ್ಲೈಡ್ ಟಕ್ ಅಂತ ಕೆಳಗೆ ಬೀಳುವ ಸದ್ದು ಕೇಳಬೇಕು.

ಬೋಲ್ಟ್ ಎರಡನ್ನೂ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಎಳೆದರೆ ಅಲ್ಲಿ ಸಂದು ಬಿಟ್ಟು ಗಾಳಿ ಎಳೆಯುತ್ತದೆ. ಓ ರಿಂಗ್ ಹೊಸದೇ ಇರಲಿ. ಗಾಡಿ ಹತ್ತು ನಿಮಿಷ ಓಡಿ ಬಿಸಿಯಾದ ಮೇಲೆ ಏರ್ ಸ್ಕ್ರೂ ಕಾಲು ಸುತ್ತು ಆ ಕಡೆ ಈ ಕಡೆ ಆಡಿಸಿ. ಇಂಜಿನ್ ಎಲ್ಲಿ ಚುರುಕಾಗಿ ಓಡುತ್ತದೋ ಅಲ್ಲಿ ಬಿಟ್ಟು ಸ್ಲೋ ಸ್ಪೀಡ್ ಇಳಿಸಿ. ಹ್ಯಾಂಡಲ್ ಎರಡೂ ಕಡೆ ತಿರುಗಿಸಿದಾಗ ರೇಸ್ ಏರಿದರೆ ಕೇಬಲ್ ಬಿಗಿಯಾಗಿದೆ ಅಂತ.

ಹೊಸದು ಬೇಕಾಗುವುದು ಯಾವಾಗ? ಬಾಡಿ ಬಿರುಕು ಬಿಟ್ಟಾಗ, ಜೆಟ್ ಕೂರುವ ಮರೆ (ಥ್ರೆಡ್) ಹಾಳಾದಾಗ, ಇಲ್ಲ ಸ್ಲೈಡ್ ಅದರ ಮನೆಯಲ್ಲಿ ಗಡಗಡ ಅಲ್ಲಾಡುವಷ್ಟು ಸವೆದಾಗ. ಆಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಮೈ ಮೇಲಿನ ನಂಬರು, ಜೆಟ್ಟಿನ ನಂಬರು ಎರಡನ್ನೂ ಹೋಲಿಸಿ ತನ್ನಿ. ಇನ್ನು ಗಾಡಿ ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಪ್ ಮುಚ್ಚಿ, ಅದಾಗಿಯೇ ಆಫ್ ಆಗುವವರೆಗೂ ಓಡಿಸಿ ಕಪ್ ಖಾಲಿ ಮಾಡಿ. ಆ ಡೂಪ್ಲಿಕೇಟ್ ನಮ್ಮ ಶೆಡ್ಡಿನ ಕಿಟಕಿ ಮೇಲಿದೆ. ಅದರ ಕಪ್ಪಿನ ಸ್ಕ್ರೂ ಮಾತ್ರ ಬಿಚ್ಚಿ ಹಳೆಯದಕ್ಕೆ ಹಾಕಿಕೊಂಡಿದ್ದೇನೆ.